ಸತ್ತ ಸ್ನಾಯುವಿಗೆ ಸೂಜಿ ಚುಚ್ಚದೆ: ನನ್ನ ಅನುಭವ

ಹೃದಯಾಘಾತವಾಗಿ ಮೂರ್ನಾಲ್ಕು ದಿನಗಳಲ್ಲಿ ಎಡ ಹೃತ್ಕುಕ್ಷಿಯ ಹೊರಗೋಡೆ ಬಿರಿದು ರಕ್ತ ಜಿನುಗುವ ರೋಗಿಗೆ, ಪಂಪ್ (ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರ) ಹಾಕದೆ ಅಂಟಿನ ಬಲದ ಮೇಲೆಯೇ ತೇಪೆ ಕೂರಿಸಬಹುದು ಎಂದಾಗ ನಮ್ಮ ಹಿರಿಯರಲ್ಲಿ ಹೆಚ್ಚಿನವರು ನಕ್ಕಿದ್ದರು. ಬಾರ್ಸಿಲೋನಾದ ಶಸ್ತ್ರವೈದ್ಯ ಪಾದ್ರೋ ಮತ್ತು ಸಂಗಡಿಗರು 1993ರಲ್ಲಿಯೇ ಟೆಫ್ಲಾನ್ ತುಂಡನ್ನು ಸಯನೋಅಕ್ರಿಲೇಟ್ ಅಂಟಿನಿಂದ ಕೂರಿಸಿದ 13 ರೋಗಿಗಳ ಫಲಿತಾಂಶ ಪ್ರಕಟಿಸಿದ್ದರೂ, ಅದು ಅವರ ಕೈಗುಣ ಎಂಬ ಮಾತೇ ನಮ್ಮಲ್ಲಿ ನಡೆಯುತ್ತಿತ್ತು.

ಮೊದಲು ನಾವೆಲ್ಲ ಮಾಡುತ್ತಿದ್ದುದು ಫೆಲ್ಟ್ ಪಟ್ಟಿ ಇಟ್ಟು ದಪ್ಪ ಹೊಲಿಗೆ ಹಾಕುವುದನ್ನೇ. ಆಘಾತವಾಗಿ ಮೂರ್ನಾಲ್ಕು ದಿನಗಳಾದ ಸ್ನಾಯುವಿಗೆ ಹೊಲಿಗೆ ಹಾಕುವುದೆಂದರೆ ಕಳಿತ ಪಪ್ಪಾಯಿಯನ್ನು ಹೊಲಿದಂತೆ. ಪ್ರತಿ ಸೂಜಿರಂಧ್ರವೂ ಹೊಸದೊಂದು ಜಿನುಗಾಗುತ್ತದೆ. ಹೀಗೆ ಟೇಬಲ್ಲಿನ ಮೇಲೆಯೇ ಕಳೆದುಕೊಂಡವರು ಕಡಿಮೆಯಿಲ್ಲ. ಅನಂತರ ರಕ್ತ ಹೆಪ್ಪುಗಟ್ಟಿಸಿ ತಾನೇ ಅಂಟಿಕೊಳ್ಳುವ, ಫೈಬ್ರಿನ್ ಲೇಪಿತ ಕೊಲ್ಲಾಜೆನ್ ಸ್ಪಂಜನ್ನಷ್ಟೇ ಒತ್ತಿ ನೋಡಿದೆವು. ಒಂದು ದೊಡ್ಡ ತುಂಡಿಗೆ ಆಗ ಇಪ್ಪತ್ತು ಸಾವಿರದ ಆಸುಪಾಸು ಬೆಲೆಯಿತ್ತು. ಎರಡು ತುಂಡು ಬಳಸಿದ ಒಬ್ಬರಿಗೆ ಮರುರಾತ್ರಿ ರಕ್ತದೊತ್ತಡ ಏರಿದೊಡನೆ ಎದೆಗೆ ಹಾಕಿದ್ದ ಡ್ರೈನ್ ಕೊಳವೆ ರಕ್ತದಿಂದ ತುಂಬಿತು. ಹೃದಯಕ್ಕೆ ಆಸರೆಯಾಗಿ ಮಹಾಧಮನಿಯೊಳಗೆ ಇಡುವ ಬಲೂನ್ ಪಂಪ್, ಐಸಿಯು ಎಲ್ಲ ಸೇರಿ ಆ ಕುಟುಂಬಕ್ಕೆ ಮೂರು ಲಕ್ಷಕ್ಕೂ ಹೆಚ್ಚು ತಗುಲಿತು, ರೋಗಿ ಉಳಿಯಲಿಲ್ಲ.

ಈಗ ಸ್ಪಂಜಿನ ಮೇಲೆ ರೋಗಿಯ ಸ್ವಂತ ಪೆರಿಕಾರ್ಡಿಯಂ (ಹೃದಯದ ಹೊರಚೀಲ) ತುಂಡನ್ನು ಹೊದಿಸುತ್ತೇನೆ, ಅದಕ್ಕೆ ಬಿಲ್ಲಿಲ್ಲ. ತೇಪೆಯು ಕಪ್ಪಿಟ್ಟ ಭಾಗವನ್ನು ದಾಟಿ ಸುತ್ತಲೂ ಎರಡು ಮೂರು ಸೆಂಟಿಮೀಟರ್ ಆರೋಗ್ಯವಂತ ಸ್ನಾಯುವಿನ ಮೇಲೆ ಬರಬೇಕು. ಅಂಟು ಹಿಡಿದ ಮೇಲೆ ಆ ಅಂಚಿಗಷ್ಟೇ 5-0 ಪ್ರೋಲೀನ್ ಎಂಬ ತೆಳು ಹೊಲಿಗೆ ದಾರ ಓಡಿಸುತ್ತೇನೆ. ಪೆರಿಕಾರ್ಡಿಯಂ ತೆರೆಯುವಾಗ ಅವಸರ ಕೂಡದು: ಟ್ಯಾಂಪೊನೇಡ್ (ಚೀಲದಲ್ಲಿ ತುಂಬಿದ ರಕ್ತ ಹೃದಯವನ್ನು ಅದುಮಿರುವ ಸ್ಥಿತಿ) ಬಿಟ್ಟೊಡನೆ ಒತ್ತಡ ಚಿಮ್ಮಿ, ಜಿನುಗುತ್ತಿದ್ದ ಸೀಳು ಪೂರ್ತಿ ಒಡೆಯಬಹುದು. ಆದ್ದರಿಂದ ಸಣ್ಣ ರಂಧ್ರದಿಂದ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ಹೀರುತ್ತ, ರಕ್ತದೊತ್ತಡದ ಮೇಲಿನ ಅಂಕಿ ನೂರನ್ನು ದಾಟದಂತೆ ನೋಡಿಕೊಳ್ಳಲು ಅರಿವಳಿಕೆಯವರಿಗೆ ಮೊದಲೇ ಹೇಳಿರುತ್ತೇನೆ. ಪಂಪ್ ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಪೂರ್ತಿ ಪ್ರಮಾಣದಲ್ಲಿ ಕೊಡಬೇಕಿಲ್ಲ ಎಂಬುದೇ ಅರ್ಧ ಗೆಲುವು. ಹಿಂಗೋಡೆಯ ಬಿರುಕಾದರೆ ಹೃದಯ ಎತ್ತಿದೊಡನೆ ಒತ್ತಡ ಕುಸಿಯುತ್ತದೆ. ಅಲ್ಲಿ ಪಂಪ್ ಸಿದ್ಧವಿಟ್ಟುಕೊಳ್ಳದೆ ಕೈ ಹಾಕುವುದಿಲ್ಲ.

ಒದ್ದೆ ಜಾಗಕ್ಕೆ ಅಂಟು ಹಿಡಿಯದು ಎಂಬುದು ಎಲ್ಲರಿಗೂ ಗೊತ್ತು, ಎಷ್ಟು ಒಣಗಿರಬೇಕು ಎಂಬುದು ಗೊತ್ತಿರಲಿಲ್ಲ. ಮಾಂಸದಂಗಡಿಯಿಂದ ಕುರಿಯ ಹೃದಯಗಳನ್ನು ತರಿಸಿ, ಗೋಡೆ ಸೀಳಿ, ಒಳಗಿನಿಂದ ಸಲೈನ್ ಒತ್ತಿ ನೋಡಿದೆ. ಬಟ್ಟೆಯಿಂದ ಬರಿದೇ ಒರೆಸಿದಲ್ಲಿ ಒತ್ತಡ ಪಾದರಸದ ಎಂಬತ್ತು ಮಿಲಿಮೀಟರಿನ ಸುಮಾರಿಗೆ ಬಂದಾಗ ತೇಪೆ ಅಂಚಿನಿಂದ ಏಳುತ್ತಿತ್ತು. ಮೇಲಿನ ಕೊಬ್ಬನ್ನು ತೆಳುವಾಗಿ ಕೆರೆದು ಒಣಗಿಸಿದಲ್ಲಿ ನೂರೈವತ್ತು ದಾಟಿದರೂ ಅಲುಗಲಿಲ್ಲ. ಮಿಡಿಯುವ ಹೃದಯದಲ್ಲಿ ಆ ಕೊನೆಯ ಹನಿಯನ್ನು ಹೇಗೆ ತಡೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಹೀಗೆ ಮಾಡಿದ ಹತ್ತರ ಆಸುಪಾಸಿನ ರೋಗಿಗಳಲ್ಲಿ ಏಳೆಂಟು ಜನ ನಡೆದುಕೊಂಡೇ ಮನೆಗೆ ಹೋದರು. ಅಂದು ನಕ್ಕವರಲ್ಲಿ ಇಬ್ಬರು ಈಗ ಇಂಥ ರೋಗಿಗಳನ್ನು ನನಗೇ ಕಳಿಸುತ್ತಾರೆ. ಗೋಡೆ ಪೂರ್ತಿ ಒಡೆದು ರಕ್ತ ಚಿಮ್ಮುವವರಿಗೆ ಈ ಕ್ರಮ ನಡೆಯದು. ಒಬ್ಬರಿಗೆ ಕೆಲವು ತಿಂಗಳ ಬಳಿಕ ತೇಪೆಯಡಿ ಹುಸಿ ಉಬ್ಬು (ಗೋಡೆಯಿಂದ ಸೋರಿದ ರಕ್ತ ನಿಂತು ಆದ ಚೀಲ) ಕಂಡು ಮತ್ತೆ ಎದೆ ತೆರೆಯಬೇಕಾಯಿತು. ಅಂದಿನಿಂದ ಮೊದಲ ವರ್ಷದ ಎಕೋಗಳಿಗೆ ಹಣ ಪಡೆಯುತ್ತಿಲ್ಲ, ಹಣ ಕೇಳಿದರೆ ಹಳ್ಳಿಯವರು ಬರುವುದೇ ಇಲ್ಲ.