ಸ್ಟ್ರೀಮರ್ ಕೊಳ್ಳುವ ಮುಂಚೆ ಚಾರ್ಜರ್ ಕಿತ್ತು ನೋಡಿ

ಲ್ಯಾಪ್‌ಟಾಪ್, ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಧ್ವನಿ ಸಂಕೇತವಾಗಿಸುವ ಪುಟ್ಟ ಪೆಟ್ಟಿಗೆ), ಆಂಪ್ಲಿಫೈಯರ್, ಜೋಡಿ ಸ್ಪೀಕರ್: ಮನೆಯಲ್ಲಿ ಸಂಗೀತ ಕೇಳಲು ಇಷ್ಟು ಸಾಕು. ಇದಕ್ಕೆ ಪ್ರತ್ಯೇಕ ಮ್ಯೂಸಿಕ್ ಸ್ಟ್ರೀಮರ್ (ಕಂಪ್ಯೂಟರಿನ ಬದಲು ನೆಟ್‌ವರ್ಕ್‌ನಿಂದ ಹಾಡು ತಂದು ಡ್ಯಾಕ್‌ಗೆ ಕೊಡುವ ಪೆಟ್ಟಿಗೆ) ಸೇರಿಸಿದರೆ ಧ್ವನಿ ಸುಧಾರಿಸುತ್ತದೆಯೇ? ಕಂಪ್ಯೂಟರಿನ ಕಡೆ ದೋಷವಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಈಗಿನ ಬಹುತೇಕ ಯುಎಸ್‌ಬಿ ಡ್ಯಾಕ್‌ಗಳಲ್ಲಿ ತಾಳ ಹಾಕುವುದು ಡ್ಯಾಕ್ ಒಳಗಿನ ಗಡಿಯಾರವೇ. ಕಂಪ್ಯೂಟರಿನದು ಕೇಳಿದಾಗ ಬಿಟ್ (ಹಾಡಿನ ಡಿಜಿಟಲ್ ಅಂಕಿ) ಒದಗಿಸುವ ಕೆಲಸ ಮಾತ್ರ. ಸ್ಟ್ರೀಮರ್ ಒದಗಿಸುವುದೂ ಅವೇ ಬಿಟ್‌ಗಳನ್ನು. ಹಾಗಾಗಿ ಮೊದಲು ದೋಷ ಹುಡುಕಿ. ಅದಕ್ಕೆ ಖರ್ಚಿಲ್ಲ, ಒಂದು ಸಂಜೆ ಬೇಕು.

1. ಬಿಟ್‌ಗಳು ಹಾಗೇ ತಲುಪುತ್ತಿವೆಯೇ?

ಸಿಡಿಯಿಂದ ಇಳಿಸಿದ ಹಾಡು 44.1 ಕಿಲೋಹರ್ಟ್ಸ್, 16 ಬಿಟ್‌ನದು. ಅದನ್ನು ಹಾಕಿ ಡ್ಯಾಕ್‌ನ ಡಿಸ್‌ಪ್ಲೇ ನೋಡಿ. ಯಾವ ಹಾಡು ಹಾಕಿದರೂ 48 ಎಂದೇ ತೋರಿಸಿದರೆ ವಿಂಡೋಸ್ ನಡುವೆ ಕೈಯಾಡಿಸಿ ಹಾಡಿನ ಬಿಟ್‌ಗಳನ್ನು ಬದಲಿಸುತ್ತಿದೆ ಎಂದರ್ಥ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡ್ಯಾಕ್‌ನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್‌ಡ್ ಪುಟದಲ್ಲಿ ಎಕ್ಸ್‌ಕ್ಲೂಸಿವ್ ಕಂಟ್ರೋಲ್‌ಗೆ (ಪ್ಲೇಯರ್ ಒಂದಕ್ಕೇ ಡ್ಯಾಕ್ ಬಿಟ್ಟುಕೊಡುವ ಆಯ್ಕೆ) ಟಿಕ್ ಹಾಕಿ, ಎನ್‌ಹಾನ್ಸ್‌ಮೆಂಟ್ಸ್ ಎಲ್ಲ ತೆಗೆಯಿರಿ. ಆಮೇಲೆ ಫೂಬಾರ್2000ನಂಥ ಪ್ಲೇಯರ್‌ನ ಔಟ್‌ಪುಟ್ ಪಟ್ಟಿಯಲ್ಲಿ ಡ್ಯಾಕ್ ಹೆಸರಿನ ಮುಂದೆ ‘ಎಕ್ಸ್‌ಕ್ಲೂಸಿವ್’ ಎಂದಿರುವುದನ್ನು ಆರಿಸಿ. ಟಪ್ ಟಪ್ ಎಂದು ಹಾಡು ತುಂಡಾದರೆ ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರಿನ ಪೋರ್ಟ್‌ಗೇ ನೇರವಾಗಿ ಸಿಕ್ಕಿಸಿ, ಪ್ಲೇಯರ್‌ನ ಸೆಟ್ಟಿಂಗ್‌ನಲ್ಲಿ ಬಫರ್ (ಹಾಡನ್ನು ಮುಂಚಿತವಾಗಿ ಕೂಡಿಡುವ ಜಾಗ) ಹೆಚ್ಚಿಸಿ.

2. ಗುಂಯ್ ಸದ್ದು ಎಲ್ಲಿಂದ?

ನಿಜವಾದ ತೊಂದರೆ ಹೆಚ್ಚಾಗಿ ಇಲ್ಲಿರುತ್ತದೆ. ಹಾಡು ನಿಲ್ಲಿಸಿ, ಆಂಪ್ಲಿಫೈಯರ್ ವಾಲ್ಯೂಮ್ ನೀವು ಕೇಳುವ ಮಟ್ಟದಲ್ಲೇ ಇಟ್ಟು, ಸ್ಪೀಕರ್ ಹತ್ತಿರ ಕಿವಿ ಕೊಡಿ. ಗುಂಯ್ ಎಂದರೆ 50 ಹರ್ಟ್ಸ್ ಕರೆಂಟಿನದು. ಮೌಸ್ ಆಡಿಸಿದಾಗ ಚರಚರ ಎಂದರೆ ಕಂಪ್ಯೂಟರಿನದು. ಈಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ಮಾಯವಾಯಿತೇ? ಅದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಅರ್ತ್ ತಂತಿಗಳು ಸೇರಿ ಸುತ್ತಾಗಿ ಅದರಲ್ಲಿ ಹರಿಯುವ ಕರೆಂಟ್. ಅಬ್ಬರದ ಸಿನಿಮಾ ಹಾಡಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ವೀಣೆಯ ತಂತಿ ಮೀಟಿದ ಮೇಲೆ ನಾದ ಕರಗುವ ಹೊತ್ತಿನಲ್ಲಿ ಮಾತ್ರ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ.

ಲ್ಯಾಪ್‌ಟಾಪ್, ಡ್ಯಾಕ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ಯುಎಸ್‌ಬಿ ಬದಲು ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿ ಹರಿಯುವುದು ಬೆಳಕು, ಕರೆಂಟಿನ ಸಂಬಂಧವೇ ಕಡಿದುಹೋಗುತ್ತದೆ. ಆಪ್ಟಿಕಲ್ ಇಲ್ಲದಿದ್ದರೆ ಯುಎಸ್‌ಬಿ ಐಸೊಲೇಟರ್ (ಡೇಟಾ ಬಿಟ್ಟು, ಎರಡು ಕಡೆಯ ಕರೆಂಟಿನ ಸಂಬಂಧ ಕಡಿಯುವ ಪುಟ್ಟ ಸಾಧನ) ಬಳಸಿ. ಅಗ್ಗದವು 12 ಎಂಬಿಪಿಎಸ್ ವೇಗದವು, ಕೆಲವು ಡ್ಯಾಕ್‌ಗಳು ಅವುಗಳ ಜೊತೆ ಏಳುವುದೇ ಇಲ್ಲ. ಹಿಂದಿರುಗಿಸಲು ಒಪ್ಪುವ ಅಂಗಡಿಯಲ್ಲಿ ಕೊಳ್ಳಿ.

ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯಲೇಬೇಡಿ. ಅದು ಜೀವ ಕಾಯುವ ಪಿನ್. ಮೈಸೂರಿನ ಒಂಟಿಕೊಪ್ಪಲು, ಸರಸ್ವತೀಪುರಂ ಕಡೆಯ ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್–ಅರ್ತ್ ನಡುವಿನ ವೋಲ್ಟೇಜ್ ಅಳೆಯಿಸಿ. ಎರಡು ಮೂರು ವೋಲ್ಟ್ ಮೀರಿದ್ದರೆ ಅರ್ತಿಂಗ್ ಗುಂಡಿ ಒಣಗಿದೆಯೇ ಎಂದೂ ನೋಡಿಸಿ.

3. ಪೈ ಹಾಕಿ ಪರೀಕ್ಷೆ

ಇಷ್ಟಾದ ಮೇಲೂ ಸ್ಟ್ರೀಮರ್ ಬೇಕೆನಿಸಿದರೆ ದುಬಾರಿ ಪೆಟ್ಟಿಗೆಗೆ ಮುಂಚೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈ ಗಾತ್ರದ ಕಂಪ್ಯೂಟರಿನಲ್ಲಿ ಪ್ರಯತ್ನಿಸಿ. 2 ಜಿಬಿ ರ‍್ಯಾಮ್‌ನದು ಧಾರಾಳ. ಜೊತೆಗೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, 16 ಜಿಬಿ ಮೆಮೊರಿ ಕಾರ್ಡ್, ಲ್ಯಾನ್ ಕೇಬಲ್. ಮೊಬೈಲಿನ ಹಳೇ ಚಾರ್ಜರ್ ಹಾಕಿದರೆ ವೋಲ್ಟೇಜ್ ಕುಸಿದು ಪೈ ತಡವರಿಸುತ್ತದೆ. ಉಚಿತವಾಗಿ ಸಿಗುವ ಮೂಡ್ ಆಡಿಯೊ ತಂತ್ರಾಂಶವನ್ನು ಕಾರ್ಡಿಗೆ ಬರೆಯಿರಿ, ಯೂಸರ್‌ನೇಮ್ ಪಾಸ್‌ವರ್ಡ್ ಆಗಲೇ ಕೊಟ್ಟುಬಿಡಿ. ಡ್ಯಾಕ್ ಸಿಕ್ಕಿಸಿ, ಪೈ ಚಾಲೂ ಮಾಡಿ, ರೌಟರ್ ಪುಟದಲ್ಲಿ ಅದರ ಐಪಿ ವಿಳಾಸ ನೋಡಿ ಮೊಬೈಲ್ ಬ್ರೌಸರಿನಲ್ಲಿ ತೆರೆಯಿರಿ. ಆಡಿಯೊ ಔಟ್‌ಪುಟ್ ಜಾಗದಲ್ಲಿ ಯುಎಸ್‌ಬಿ ಡ್ಯಾಕ್ ಆರಿಸಿ. ಪೈನ ಸ್ವಂತ ಹೆಡ್‌ಫೋನ್ ಜ್ಯಾಕ್ ಈ ಕೆಲಸಕ್ಕೆ ಬಾರದು.

ಮೂಡ್‌ನಲ್ಲಿ ವಾಲ್ಯೂಮ್ ಅನ್ನು ‘ಫಿಕ್ಸ್‌ಡ್’ (ಸದಾ ಪೂರ್ತಿ ಮಟ್ಟ) ಮಾಡುವ ಮುಂಚೆ ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ನಾಬ್ ಇದೆಯೇ, ಅದು ಕೆಳಗಿದೆಯೇ ನೋಡಿ. ಇಲ್ಲವಾದರೆ ಮೊದಲ ಹಾಡಿಗೇ ಸ್ಪೀಕರ್ ಹರಿದೀತು.

ಈಗ ಹೋಲಿಕೆ. ಲ್ಯಾಪ್‌ಟಾಪ್, ಪೈ ಎರಡೂ ಕಡೆ ಡಿಜಿಟಲ್ ವಾಲ್ಯೂಮ್ 100, ಒಂದೇ ಫೈಲ್, ಅದೇ ಡ್ಯಾಕ್. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ನಂಬಿಬಿಡುತ್ತದೆ. 200 ಹರ್ಟ್ಸ್ ಟೋನ್ ಹಾಕಿ ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿದರೆ ಎರಡೂ ಕಡೆಯ ಎಸಿ ವೋಲ್ಟೇಜ್ ಶೇ 1ರೊಳಗೆ ಹೊಂದಬೇಕು. ಬಳಿಕ ಮನೆಯವರೊಬ್ಬರು ಹೇಳದೆ ಬದಲಿಸಲಿ, ನೀವು ಹತ್ತು ಸಲ ಊಹಿಸಿ. ಐದಾರು ಸಲ ಮಾತ್ರ ಸರಿಯಾದರೆ ಆ ದುಡ್ಡು ಸ್ಪೀಕರಿಗೆ ಹೋಗಲಿ, ಇಲ್ಲವೇ ರೆಡ್ ಆಕ್ಸೈಡ್ ನೆಲದ ಮೇಲೊಂದು ದಪ್ಪ ಜಮಖಾನೆಗೆ. ಪ್ರತಿಧ್ವನಿ ತಗ್ಗುವುದು ಯಾರ ಕಿವಿಗೂ ಗೊತ್ತಾಗುತ್ತದೆ.

ಸ್ಟ್ರೀಮರಿನಿಂದ ಸುಖವಂತೂ ಇದೆ. ಫ್ಯಾನ್ ಸದ್ದಿಲ್ಲ, ದಿನವಿಡೀ ಉರಿದರೂ ಕೆಲವೇ ವ್ಯಾಟ್, ಹಾಡು ಬದಲಿಸಲು ಮೊಬೈಲ್ ಸಾಕು. ಆದರೆ ನೀವು ಚಂದಾ ಕಟ್ಟುವ ಹಾಡಿನ ಆಪ್ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಕರೆಂಟ್ ಹೋದಾಗ ಪೈನ ಕಾರ್ಡ್ ಕೆಡಬಹುದು, ಆದ್ದರಿಂದ ಪೈ, ರೌಟರ್ ಎರಡನ್ನೂ ಯುಪಿಎಸ್ ಮೇಲಿಡಿ. ಆಂಪ್ಲಿಫೈಯರನ್ನು ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಗೊರಗೊರ ಎನ್ನುತ್ತದೆ. ಅಲ್ಲಿ ಸೈನ್ ವೇವ್‌ನದೇ ಬೇಕು.