ಇಟ್ಟಿಗೆಯ ತಂಪು ತೊಟ್ಟಿ ಮೂರನೇ ಸಲಕ್ಕೆ ಕೈಹಿಡಿಯಿತು

"ಇದರೊಳಗೆ ತರಕಾರಿ ಕೊಳೀತದೆ ಅಷ್ಟೇ ಕಣಣ್ಣ" ಅಂತ ನಾಗಮಂಗಲದ ಕಡೆಯ ನಮ್ಮೂರಲ್ಲಿ ಹೇಳದವರಿಲ್ಲ. ಈ ಬೇಸಿಗೆ ಹಾಗಂದವರೇ ಬೀನ್ಸ್ ಕ್ರೇಟ್ ಹೊತ್ತು ತಂದು, "ಸಂತೆವರೆಗೂ ಇಟ್ಕೊಳ್ಳಣ್ಣ" ಅಂದರು. ಅದಕ್ಕೇ ಬರೀತಿದ್ದೀನಿ.

ಇದು ಕರೆಂಟಿಲ್ಲದೆ ತರಕಾರಿ ತಂಪಾಗಿಡೋ ತೊಟ್ಟಿ, ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರ ಅಳತೆ: ಜೋಡಿಗೋಡೆ, ನಡುವೆ ಮೂರಿಂಚು ಮರಳು. ಮರಳಿಗೆ ಬಿಟ್ಟ ನೀರು ಇಟ್ಟಿಗೆಯಲ್ಲಿ ಜಿನುಗಿ ಆರುವಾಗ ಒಳಗೆ ತಂಪಾಗುತ್ತೆ. ಮೊದಲ ಸಲ ಗಾರೆಯವರು ಚೆಂದ ಕಾಣಲಿ ಅಂತ ಒಳಗೋಡೆಗೆ ಸಿಮೆಂಟ್ ಬಳಿದುಬಿಟ್ಟರು. ನೀರು ಒಳಕ್ಕೆ ಜಿನುಗಲೇ ಇಲ್ಲ. ಎರಡು ಕ್ರೇಟ್ ಟೊಮೇಟೊ ತಿಪ್ಪೆಗೆ, ಮೂರೂವರೆ ಸಾವಿರ ಮಣ್ಣುಪಾಲು. ಎರಡನೇ ಸಲ ಮಣ್ಣಲ್ಲೇ ಕಟ್ಟಿದೆ, ಚೆನ್ನಾಗೇ ತಂಪಾಯಿತು, ಆದರೆ ಎರಡೇ ತಿಂಗಳು. ಎಲ್ಲರೂ ಮರಳನ್ನು ದೂರಿದರು. ಮರಳು ಬದಲಿಸಿದೆ, ಅದಕ್ಕೊಂದಷ್ಟು ದುಡ್ಡು. ಕೊನೆಗೆ ಒಂದಿಟ್ಟಿಗೆ ಕಿತ್ತು ನೋಡಿದರೆ ಬೋರ್‌ವೆಲ್‌ನ ಗಡಸು ನೀರಿನ ಬಿಳಿ ಉಪ್ಪು ಹೆಪ್ಪುಗಟ್ಟಿ ಕೂತಿದೆ. ಇಟ್ಟಿಗೆ ನೀರು ಕುಡಿಯೋದನ್ನೇ ಬಿಟ್ಟಿತ್ತು!

ಈಗಿನದು ಹುಣಸೆ ಮರದ ನೆರಳಲ್ಲಿದೆ, ಗಾಳಿ ಬೀಸುವ ಕಡೆ. ನಾಡ ಇಟ್ಟಿಗೆ ಸುಮಾರು 400. ಒಂದೊಂದನ್ನೂ ಬಕೆಟ್‌ನಲ್ಲಿ ಮುಳುಗಿಸಿ, ಚೆನ್ನಾಗಿ ಗುಳ್ಳೆ ಬಿಟ್ಟದ್ದನ್ನೇ ಆರಿಸಿದೆ. ಡ್ರಮ್ಮಿಗೆ ಕೆರೆ ನೀರು, ಅಲ್ಲಿಂದ ಹಳೇ ಡ್ರಿಪ್ ಪೈಪು ಮರಳಿನ ಮೇಲೆ. ದಿನಕ್ಕೆ ಮೂರು ಬಿಂದಿಗೆ ಸಾಕು. ಖರ್ಚು ಐದು ಸಾವಿರದ ಆಸುಪಾಸು, ಕೆಲಸ ಮನೆಯವರದೇ. ಏಪ್ರಿಲ್ ನಡುಮಧ್ಯಾಹ್ನ ಹೊರಗೆ 36 ಡಿಗ್ರಿ ಇದ್ದಾಗ ಒಳಗೆ 26. ಬೀನ್ಸ್ ಐದು ದಿನ ಮುರಿದರೆ ಟಕ್ ಅಂತಿತ್ತು. ಒಂದು ಸಲ ಸಂತೇಲಿ ಕೆಜಿಗೆ 20 ಅಂದರು, ವಾಪಸ್ ತಂದು ಮೂರು ದಿನ ಬಿಟ್ಟು 34ಕ್ಕೆ ಕೊಟ್ಟೆ. ನಾಲ್ಕು ಕ್ರೇಟಿಗೆ ಎಂಟುನೂರು ಚಿಲ್ಲರೆ ಹೆಚ್ಚಿಗೆ ಸಿಕ್ಕಿತು. ಇದನ್ನ ಊರಲ್ಲಿ ಇನ್ಯಾರೂ ಮಾಡಿಲ್ಲ.

ಈರುಳ್ಳಿ ಇಟ್ಟು ನೋಡಿದೆ, ತೇವಕ್ಕೆ ಮೊಳಕೆ ಬಂತು. ಹಣ್ಣು ಟೊಮೇಟೊ ಪಕ್ಕ ಕೊತ್ತಂಬರಿ ಇಟ್ಟರೆ ಸೊಪ್ಪು ಬೇಗ ಹಳದಿ ತಿರುಗುತ್ತೆ. ಅಮ್ಮ ಒಂದು ಕವಳಿಗೆ ವೀಳ್ಯದೆಲೆ ಮೂಲೆಯಲ್ಲಿಟ್ಟಿದ್ದರು, ವಾರ ಕಳೆದರೂ ಆಗ ಕೊಯ್ದ ಹಾಗಿತ್ತು. ವೀಳ್ಯದೆಲೆ ವಿಚಾರದಲ್ಲಿ ಇನ್ನೂ ನೋಡೋದಿದೆ.

ಮುಚ್ಚಳಕ್ಕೆ ಗೋಣಿ ಬೇಡ, ತಿಂಗಳಲ್ಲಿ ನಾರುತ್ತೆ. ನಾನು ಹಾಕಿರೋದು ಬೇರೆ, ಮರಳಿಗೂ ಒಂದು ಪದಾರ್ಥ ಬೆರೆಸಿದ್ದೀನಿ. ಎರಡನ್ನೂ ಇನ್ನೊಂದು ಬೇಸಿಗೆ ನೋಡಿಯೇ ಹೇಳೋದು.

ಆಷಾಢದ ಸೋನೆಯಲ್ಲಿ ಗಾಳಿಯೇ ಒದ್ದೆ, ತೊಟ್ಟಿ ತಂಪಾಗಲ್ಲ. ಆಗ ನೀರು ನಿಲ್ಲಿಸಿ ಒಣಗಲು ಬಿಡ್ತೀನಿ. ಶಿವರಾತ್ರಿ ಹೊತ್ತಿಗೆ ಮತ್ತೆ ಪೈಪಿಗೆ ನೀರು ಬಿಡೋದು.