ಬೇಡದ್ದನ್ನೂ ಓದುವ ಬಾಗಿಲು: ಗೋದಾಮಿಗೆ ಆರ್‌ಎಫ್‌ಐಡಿ ಹಾಕಿದ ನನ್ನ ಅನುಭವ

ಲಾರಿಗೆ ಹತ್ತಿದ್ದು 24 ಪ್ಯಾಲೆಟ್, ಅಂದರೆ ಪೆಟ್ಟಿಗೆ ಪೇರಿಸಿದ ಹಲಗೆ. ಪರದೆ ಮೇಲೆ ಬಂದದ್ದು 31. ನಾವು ಆರ್‌ಎಫ್‌ಐಡಿ ಹಾಕಿದ ಮೊದಲ ದಿನದ ಮೊದಲ ಲೋಡು ಅದು. ಮಾಲಿಗೆ ಅಂಟಿಸಿದ ಚಿಪ್ಪಿನ ಟ್ಯಾಗನ್ನು, ಬಾಗಿಲಲ್ಲಿ ಕೂರಿಸಿದ ರೀಡರ್ ರೇಡಿಯೋ ಅಲೆಯಿಂದ ದೂರದಲ್ಲೇ ಓದುವ ವ್ಯವಸ್ಥೆ ಇದು. ಮಿಕ್ಕ ಏಳು ಎಲ್ಲಿ ಅಂತ ಹುಡುಕಿದರೆ, ಬಾಗಿಲ ಪಕ್ಕದಲ್ಲೇ ಮುಂದಿನ ಲಾರಿಗೆ ಕಾಯುತ್ತಾ ಸುಮ್ನೆ ನಿಂತಿದ್ದವು. ಟ್ಯಾಗ್ ಓದದೇ ಹೋದರೆ ಏನು ಗತಿ ಅಂತ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆವು. ಬೇಡದ ಟ್ಯಾಗನ್ನೂ ಓದಿದರೆ ಏನು ಮಾಡೋದು ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ನಾನಿರುವುದು ವಾಹನಗಳ ಬಿಡಿಭಾಗ ಕಳಿಸುವ ಗೋದಾಮಿನಲ್ಲಿ. ಬ್ರೇಕ್ ಪ್ಯಾಡ್, ಬೇರಿಂಗ್, ಫಿಲ್ಟರ್, ರಬ್ಬರ್ ಹೋಸ್, ಎಂಜಿನ್ ಆಯಿಲ್, ಕೂಲಂಟ್ ಎಲ್ಲ ಒಂದೇ ಲಾರಿಯಲ್ಲಿ ಹೋಗುತ್ತವೆ. ಮೊದಲು ಬಾರ್‌ಕೋಡ್ ಇತ್ತು. ಬಾರ್‌ಕೋಡಿನ ತೊಂದರೆ ಬಾರ್‌ಕೋಡಿನಲ್ಲಿ ಇರಲಿಲ್ಲ, ಅವಸರದಲ್ಲಿತ್ತು. ಒಂದೇ ಬಗೆಯ ಮಾಲಿಗೆಲ್ಲ ಒಂದೇ ಕೋಡ್. ಲಾರಿ ಹೊರಡುವ ಹೊತ್ತಿಗೆ ಕೈಗೆ ಸಿಕ್ಕ ಪೆಟ್ಟಿಗೆಯನ್ನೇ ಹತ್ತು ಸಲ ಸ್ಕ್ಯಾನ್ ಮಾಡಿದರೆ ಲೆಕ್ಕ ಸರಿಹೋಗುತ್ತೆ. ಮೂರು ವಾರದ ಮೇಲೆ ಆ ಕಡೆಯವರು ಎರಡು ಪೆಟ್ಟಿಗೆ ಕಡಿಮೆ ಬಂದಿದೆ ಅನ್ನುತ್ತಾರೆ. ಇಲ್ಲ ಅನ್ನಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ಆರ್‌ಎಫ್‌ಐಡಿ ಬೇಕೆನಿಸಿದ್ದು ಇದಕ್ಕೇ. ಅದರಲ್ಲಿ ಪ್ರತಿ ಪೆಟ್ಟಿಗೆಗೂ ಬೇರೆಯೇ ನಂಬರ್. ನಾವು ತಗೊಂಡದ್ದು ಬ್ಯಾಟರಿ ಇಲ್ಲದ, ಯುಎಚ್‌ಎಫ್ (ಅತಿ ಹೆಚ್ಚು ಆವರ್ತನದ ರೇಡಿಯೋ ಅಲೆ) ಬಗೆಯ ಸ್ಟಿಕರ್ ಟ್ಯಾಗ್. ರೀಡರ್ ಕಳಿಸುವ ಅಲೆಯಿಂದಲೇ ಚಿಪ್ಪಿಗೆ ಜೀವ ಬರುತ್ತೆ. ಅದೇ ಅಲೆಯನ್ನು ಸ್ವಲ್ಪ ಬದಲಿಸಿ ವಾಪಸ್ ಪ್ರತಿಫಲಿಸಿ ಟ್ಯಾಗ್ ತನ್ನ ನಂಬರ್ ಹೇಳುತ್ತೆ. ಬಿಸಿಲಿಗೆ ಕನ್ನಡಿ ಹಿಡಿದು ದೂರದವರಿಗೆ ಮಿನುಗಿಸುತ್ತೀವಲ್ಲ, ಹಾಗೆ. ವಿಚಾರ ಹಳೆಯದು. ಪ್ರತಿಫಲಿಸಿದ ಅಲೆಯಲ್ಲೇ ಸಂದೇಶ ಕಳಿಸುವ ಬಗ್ಗೆ ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಬರೆದಿದ್ದರು. ನಮ್ಮ ಮ್ಯಾನೇಜರಿಗೆ ಮಾತ್ರ ನೆನಪಿದ್ದದ್ದು ವಾಲ್‌ಮಾರ್ಟ್ ಕತೆ. 2005ರ ಜನವರಿ ಹೊತ್ತಿಗೆ ಪ್ಯಾಲೆಟ್‌ಗೂ ಪೆಟ್ಟಿಗೆಗೂ ಟ್ಯಾಗ್ ಇರಬೇಕು ಅಂತ ಆ ಕಂಪನಿ 2003ರಲ್ಲಿ ತನ್ನ 100 ದೊಡ್ಡ ಸರಬರಾಜುದಾರರಿಗೆ ಹೇಳಿತ್ತು. ಅದು ಅಂದುಕೊಂಡಷ್ಟು ಸಲೀಸಾಗಲಿಲ್ಲ ಅನ್ನುವ ಭಾಗವನ್ನು ಅವರು ಮೀಟಿಂಗಿನಲ್ಲಿ ಹೇಳಲಿಲ್ಲ.

ಟ್ಯಾಗ್ ಎಲ್ಲಿ ಅಂಟಿಸಬೇಕು ಅನ್ನುವುದಕ್ಕೇ ಎರಡು ವಾರ ಹಿಡಿಯಿತು. ಒಂದು ಮೂಲೆಯಲ್ಲಿ ಆಂಟೆನಾ ನಿಲ್ಲಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೀಟರಿಗೊಂದು ಗೆರೆ ಎಳೆದು, ಪ್ರತಿ ಬಗೆಯ ಪೆಟ್ಟಿಗೆಯನ್ನೂ ತಳ್ಳುಗಾಡಿಯಲ್ಲಿ ದೂರ ಒಯ್ಯುತ್ತಾ ಎಲ್ಲಿ ಓದುವುದು ನಿಲ್ಲುತ್ತೆ ಅಂತ ಬರೆದುಕೊಂಡೆ. ಇದನ್ನು ಬೇರೆಯವರ ಕೈಲಿ ಮಾಡಿಸಬೇಡಿ. ಟ್ಯಾಗ್‌ನ ಜಾತಕ ಗೊತ್ತಾಗುವುದು ಇಲ್ಲೇ.

ಲೋಹ ಅಲೆಯನ್ನು ಪ್ರತಿಫಲಿಸುತ್ತೆ, ದ್ರವ ಹೀರಿಕೊಳ್ಳುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾಗಿ ಎಂಜಿನ್ ಆಯಿಲ್ ಕೈಕೊಡುತ್ತೆ ಅಂದುಕೊಂಡಿದ್ದೆ. ಪ್ಲಾಸ್ಟಿಕ್ ಡಬ್ಬದ ಆಯಿಲ್ ಏನೂ ತಕರಾರು ಮಾಡಲಿಲ್ಲ. ಕೈಕೊಟ್ಟದ್ದು ಕೂಲಂಟ್. ಅಲೆಯನ್ನು ನುಂಗುವುದು ನೀರು, ಎಣ್ಣೆ ಅಷ್ಟಾಗಿ ಅಲ್ಲ. ಕೂಲಂಟಿನಲ್ಲಿ ಬಹುಪಾಲು ನೀರು, ಗ್ಲೈಕಾಲ್. ಬಾಟಲಿಗೆ ತಾಗುವ ಹಾಗೆ ಅಂಟಿಸಿದರೆ ಟ್ಯಾಗ್ ಸತ್ತ ಹಾಗೇ. ಕೊನೆಗೆ ಪೆಟ್ಟಿಗೆಯ ಮೇಲ್ಭಾಗಕ್ಕೆ, ಬಾಟಲಿಗಳ ಕುತ್ತಿಗೆಯ ಸುತ್ತ ಗಾಳಿ ಇರುವ ಎತ್ತರಕ್ಕೆ ಲೇಬಲ್ ಬಂತು. ಬೇರಿಂಗ್ ಪೆಟ್ಟಿಗೆಗೆ ಮೂಲೆ ಒಳ್ಳೆಯದು. ದುಂಡನೆಯ ಮಾಲು ಚೌಕದ ಪೆಟ್ಟಿಗೆಯ ಮೂಲೆ ಮುಟ್ಟುವುದಿಲ್ಲ ನೋಡಿ. ಲೋಹದ ಕ್ರೇಟಿಗೆ ಮಾತ್ರ ಲೋಹದ ಮೇಲೇ ಕೆಲಸ ಮಾಡುವ ದಪ್ಪ ಟ್ಯಾಗ್ ಬೇಕಾಯಿತು. ಅದು ದುಬಾರಿ, ಆದರೆ ಕ್ರೇಟ್ ವಾಪಸ್ ಬರುವಂಥದ್ದು, ಒಂದು ಸಲ ಹಾಕಿದರೆ ಸಾಕು.

ಒಂದು ವಿಚಿತ್ರ ಇಲ್ಲೇ ಕಣ್ಣಿಗೆ ಬಿತ್ತು. ನಾಲ್ಕು ಮೀಟರಿನಲ್ಲಿ ಓದದ ಪೆಟ್ಟಿಗೆ ಐದು ಮೀಟರಿನಲ್ಲಿ ಓದಿಸಿಕೊಳ್ಳುತ್ತಿತ್ತು. ನೆಲಕ್ಕೂ ಗೋಡೆಗೂ ಬಡಿದು ಬಂದ ಅಲೆ ನೇರ ಬಂದ ಅಲೆಯ ಜತೆ ಸೇರಿ ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಈ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಹಾಗಾಗಿ ನಾಲ್ಕು ಬೆರಳು ಸರಿಸಿದರೂ ಸಾಕು, ಸತ್ತ ಟ್ಯಾಗ್ ಎದ್ದು ಕೂರುತ್ತೆ. ನಿಂತ ಪೆಟ್ಟಿಗೆಗಿಂತ ಚಲಿಸುವ ಪೆಟ್ಟಿಗೆಯನ್ನು ಓದುವುದು ಸುಲಭ ಅನ್ನುವುದು ಅವತ್ತು ತಲೆಗೆ ಹೋಯಿತು. ಮುಂದೆ ಬಹಳ ಉಪಯೋಗಕ್ಕೆ ಬಂತು.

ಟ್ಯಾಗ್ ಖರೀದಿಯಲ್ಲಿ ಒಮ್ಮೆ ಎಡವಿದೆವು. ಯುಎಚ್‌ಎಫ್ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್, ಭಾರತದಲ್ಲೂ ಯುರೋಪಿನಲ್ಲೂ 865ರಿಂದ ಶುರುವಾಗುವ ಕಿರಿದಾದ ಪಟ್ಟಿ. ಅಮೆರಿಕದ ಪಟ್ಟಿಗೆ ಹೊಂದಿಸಿದ ಟ್ಯಾಗ್ ನಮ್ಮ ಪಟ್ಟಿಯಲ್ಲಿ ಓದದೇ ಇರುವುದಿಲ್ಲ, ಮಂಕಾಗಿ ಓದುತ್ತೆ. ಪೂರ್ತಿ ಕೆಡದ ವಸ್ತುವಿನ ತಪ್ಪು ಹುಡುಕುವುದು ಎಷ್ಟು ಕಷ್ಟ ಅಲ್ವಾ?

ನಂಬರಿನ ವಿಷಯ. ಪೆಟ್ಟಿಗೆಗೆ ಎಸ್‌ಜಿಟಿಐಎನ್ (ಮಾಲಿನ ಬಗೆಯ ಕೋಡ್ ಜತೆ ಸೀರಿಯಲ್ ನಂಬರ್), ಪ್ಯಾಲೆಟ್‌ಗೆ ಎಸ್‌ಎಸ್‌ಸಿಸಿ (ಸಾಗಿಸುವ ಪ್ಯಾಲೆಟ್ಟಿನ ನಂಬರ್), ಎರಡೂ ಜಿಎಸ್1 ಅನ್ನುವ ಮಾನದಂಡ ಸಂಸ್ಥೆಯ ನಿಯಮದ ಪ್ರಕಾರ, 96 ಬಿಟ್‌ನಲ್ಲಿ. ಎಸ್‌ಜಿಟಿಐಎನ್‌ನಲ್ಲಿ ಸೀರಿಯಲ್ ನಂಬರಿಗೇ 38 ಬಿಟ್ ಇದೆ. ಅಂದರೆ ಒಂದೊಂದು ಬಗೆಯ ಮಾಲಿಗೂ 27 ಸಾವಿರ ಕೋಟಿಗಿಂತ ಜಾಸ್ತಿ ನಂಬರ್. ಅಷ್ಟಿದ್ದೂ ನಮ್ಮಲ್ಲಿ ಎರಡು ಪೆಟ್ಟಿಗೆಗೆ ಒಂದೇ ನಂಬರ್ ಬಂತು! ಲೇಬಲ್ ಪ್ರಿಂಟರಿನ ಕಂಪ್ಯೂಟರ್ ಕೆಟ್ಟಿತ್ತು, ಹೊಸದಕ್ಕೆ ಸಾಫ್ಟ್‌ವೇರ್ ಹಾಕಿದವರು ಎಣಿಕೆಯನ್ನು ಮತ್ತೆ 1ರಿಂದ ಶುರು ಮಾಡಿದ್ದರು. ಈಗ ನಂಬರ್ ಕೊಡುವುದು ಸರ್ವರ್. ಪ್ರಿಂಟರ್ ಕೇಳಿ ಇಸಕೊಳ್ಳಬೇಕು. ಬರೆದ ಮೇಲೆ ಟ್ಯಾಗನ್ನು ಪಾಸ್‌ವರ್ಡ್ ಹಾಕಿ ಲಾಕ್ ಮಾಡುತ್ತೇವೆ. ಮೊದಲು ಮಾಡುತ್ತಿರಲಿಲ್ಲ. ಕೈ ರೀಡರಿನ ಗುಂಡಿ ತಪ್ಪಿ ಒತ್ತಿ ಒಬ್ಬರು ಒಂದು ಸಾಲಿನ ಟ್ಯಾಗ್‌ಗಳನ್ನೆಲ್ಲ ಬದಲಿಸಿದ ಮೇಲೆ ಬುದ್ಧಿ ಬಂತು.

ಇನ್ನು ಬಾಗಿಲು. ರೀಡರ್ ತಂದುಕೊಟ್ಟವರು ಶಕ್ತಿಯನ್ನು ಪೂರ್ತಿ ಏರಿಸಿ, ನೋಡಿ ಸಾರ್ ಹತ್ತು ಮೀಟರ್ ಓದುತ್ತೆ ಅಂತ ಹೆಮ್ಮೆಯಿಂದ ತೋರಿಸಿ ಹೋಗಿದ್ದರು. ನಮಗೆ ಬೇಕಿದ್ದದ್ದು ಎರಡೂವರೆ ಮೀಟರ್. ಮೊದಲ ದಿನದ ಏಳು ಪ್ಯಾಲೆಟ್ ಆ ಹೆಮ್ಮೆಯ ಫಲ. ಶಕ್ತಿಯನ್ನು 6 ಡಿಬಿ ಇಳಿಸಿದೆ. ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ, ಬಯಲಲ್ಲಾದರೆ ಓದುವ ದೂರ ಅರ್ಧವಾಗುತ್ತೆ. ಗೋದಾಮು ಬಯಲಲ್ಲ. ಬಾಗಿಲಿಗೆ ಲಾರಿ ಬಂದು ನಿಂತರೆ ಅದರ ಉಕ್ಕಿನ ಪೆಟ್ಟಿಗೆ ಅಲೆಯನ್ನೆಲ್ಲ ಒಳಕ್ಕೆ ವಾಪಸ್ ಎಸೆಯುತ್ತಿತ್ತು. ಲಾರಿ ಇಲ್ಲದಾಗ ಸರಿಯಾಗಿದ್ದ ಸೆಟ್ಟಿಂಗ್ ಲಾರಿ ಬಂದ ತಕ್ಷಣ ಹಾಳು. ಪರೀಕ್ಷೆ ಮಾಡುವಾಗ ಲಾರಿ ನಿಲ್ಲಿಸಿಕೊಂಡೇ ಮಾಡಬೇಕು ಅನ್ನುವುದು ಯಾವ ಕೈಪಿಡಿಯಲ್ಲೂ ನನಗೆ ಸಿಕ್ಕಿರಲಿಲ್ಲ.

ಸಿಗ್ನಲ್ ಬಲ ನೋಡಿ ದೂರದ್ದನ್ನು ಬಿಟ್ಟುಬಿಡೋಣ ಅಂತ ಒಂದು ಮಿತಿ ಹಾಕಿದೆವು. ಅಲೆ ಚೆನ್ನಾಗಿ ಪ್ರತಿಫಲಿಸುವ ಮೂಲೆಯಲ್ಲಿ ನಿಂತ ದೂರದ ಟ್ಯಾಗ್, ಕೂಲಂಟ್ ಹಿಂದೆ ಅಡಗಿದ ಹತ್ತಿರದ ಟ್ಯಾಗ್‌ಗಿಂತ ಗಟ್ಟಿಯಾಗಿ ಕೂಗುತ್ತಿತ್ತು. ಅಕ್ಕಪಕ್ಕದ ಬಾಗಿಲುಗಳ ನಡುವೆ ಲೋಹದ ಜಾಲರಿ ನಿಲ್ಲಿಸಿದೆವು, ಸ್ವಲ್ಪ ಗುಣ ಕಂಡಿತು. ಬೆಳಕಿನ ಸೆನ್ಸರ್ ಎರಡು ಹಾಕಿ, ಗಾಡಿ ದಾಟುವಾಗ ಮಾತ್ರ ಓದುವಂತೆ ಮಾಡಿದೆವು. ಯಾವ ಸೆನ್ಸರ್ ಮೊದಲು ಮುಚ್ಚಿತು ಅನ್ನುವುದರಿಂದ ಒಳಕ್ಕೋ ಹೊರಕ್ಕೋ ಅನ್ನುವುದೂ ಸಿಕ್ಕಿತು. ಆದರೂ ಆಗೊಮ್ಮೆ ಈಗೊಮ್ಮೆ ಒಂದು ಜಾಸ್ತಿ.

ಫೋರ್ಕ್‌ಲಿಫ್ಟ್ ಓಡಿಸುವ ಹಿರಿಯರೊಬ್ಬರು ದಿನಾ ಇದನ್ನೆಲ್ಲ ನೋಡುತ್ತಿದ್ದರು. ಒಂದಿನ ಕೇಳಿದರು, ‘ಸಾರ್, ಕಾಯೋ ಮಾಲನ್ನ ಬಾಗಿಲ ಹತ್ರ ಯಾಕೆ ಇಡ್ಬೇಕು?’ ಮೊದಲಿಂದ ಹಾಗೇ ಇಡ್ತಾ ಇದೀವಲ್ಲ ಅಂದೆ. ಅವರು ನಕ್ಕರು. ಮಾರನೇ ದಿನ ನೆಲದ ಹಳದಿ ಗೆರೆಯನ್ನು ನಾಲ್ಕು ಮೀಟರ್ ಹಿಂದಕ್ಕೆ ಬಳಿದೆವು. ನನ್ನ ಒಂದು ತಿಂಗಳ ಸೆಟ್ಟಿಂಗಿಗಿಂತ ಒಂದು ಡಬ್ಬ ಬಣ್ಣ ಜಾಸ್ತಿ ಕೆಲಸ ಮಾಡಿತು.

ತದ್ವಿರುದ್ಧವಾದ ಇನ್ನೊಂದು ಕಾಟವೂ ಇತ್ತು. ಕೆಲವು ಪ್ಯಾಲೆಟ್ ಎರಡನೇ ಬಾಗಿಲಲ್ಲಿ ಓದುತ್ತಲೇ ಇರಲಿಲ್ಲ, ಅದೇ ಪ್ಯಾಲೆಟ್ ಐದು ನಿಮಿಷ ಬಿಟ್ಟು ತಂದರೆ ಓದುತ್ತಿತ್ತು. ಕಾರಣ ಸೆಷನ್, ಅಂದರೆ ಉತ್ತರ ಕೊಟ್ಟ ಟ್ಯಾಗ್ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವ ಸೆಟ್ಟಿಂಗ್. ಒಂದೇ ಟ್ಯಾಗ್ ಪದೇ ಪದೇ ಕೂಗಬಾರದು ಅಂತ ಎಸ್2 ಸೆಷನ್ ಇಟ್ಟಿದ್ದೆವು. ಅದರಲ್ಲಿ ಒಂದು ಸಲ ಉತ್ತರ ಕೊಟ್ಟ ಟ್ಯಾಗ್ ಅಲೆ ಸಿಗುತ್ತಿರುವಷ್ಟು ಹೊತ್ತೂ, ಅಲೆ ನಿಂತ ಮೇಲೆ ಕನಿಷ್ಠ ಎರಡು ಸೆಕೆಂಡೂ ಬಾಯಿ ಮುಚ್ಚಿಕೊಂಡಿರುತ್ತೆ. ಟ್ಯಾಗ್‌ಗೆ ತನ್ನನ್ನು ಕೇಳಿದ್ದು ಯಾವ ರೀಡರ್ ಅನ್ನುವುದು ಗೊತ್ತಿಲ್ಲ. ಒಂದನೇ ಬಾಗಿಲಿಗೆ ಉತ್ತರ ಕೊಟ್ಟು, ಎರಡನೇ ಬಾಗಿಲ ಮುಂದೆ ಮೌನ. ಪ್ರತಿ ಸೆಷನ್ನಿನ ಲೆಕ್ಕವನ್ನು ಟ್ಯಾಗ್ ಬೇರೆ ಬೇರೆ ಇಡುತ್ತೆ, ಹಾಗಾಗಿ ಒಂದಕ್ಕೆ ಎಸ್2, ಪಕ್ಕದ್ದಕ್ಕೆ ಎಸ್3 ಕೊಟ್ಟ ಮೇಲೆ ಸರಿಹೋಯಿತು.

ಇಷ್ಟಾದರೂ ಪ್ಯಾಲೆಟ್ ನಡುವಿನ ಪೆಟ್ಟಿಗೆಗಳು ಬಾಗಿಲಲ್ಲಿ ಪೂರ್ತಿ ಸಿಗುತ್ತಿರಲಿಲ್ಲ. ಸುತ್ತ ಕೂಲಂಟ್, ನಡುವೆ ಫಿಲ್ಟರ್ ಇದ್ದರೆ ಫಿಲ್ಟರ್ ಕಾಣೆ. ಇಲ್ಲಿ ನೆನಪಾದದ್ದು ಸೀಮೆಸುಣ್ಣದ ದಿನಗಳು, ಚಲಿಸುವ ಪೆಟ್ಟಿಗೆ ಸುಲಭ ಅನ್ನುವ ಪಾಠ. ಗೋದಾಮಿನಲ್ಲಿ ಪ್ಯಾಲೆಟ್ ತಾನಾಗಿ ತಿರುಗುವ ಜಾಗ ಒಂದಿದೆ, ಪ್ಲಾಸ್ಟಿಕ್ ಹಾಳೆ ಸುತ್ತುವ ಮೆಷಿನ್. ಅಲ್ಲಿ ಎರಡು ಆಂಟೆನಾ ಹಾಕಿದೆವು. ಪ್ಯಾಲೆಟ್ ಅರ್ಧ ನಿಮಿಷಕ್ಕಿಂತ ಜಾಸ್ತಿ ಹೊತ್ತು ಸುತ್ತುತ್ತೆ, ನಾಲ್ಕೂ ಮುಖ ಆಂಟೆನಾಗೆ ಕಾಣುತ್ತೆ. ಪೆಟ್ಟಿಗೆಗಳ ಲೆಕ್ಕ ಅಲ್ಲೇ ಮುಗಿಯುತ್ತೆ. ಕಡಿಮೆ ಬಂದರೆ ಕೆಂಪು ದೀಪ, ಹಾಳೆ ಕತ್ತರಿಸುವುದಕ್ಕೆ ಮುಂಚೆಯೇ ಜನ ಹುಡುಕುತ್ತಾರೆ. ಬಾಗಿಲಿಗೆ ಈಗ ಒಂದೇ ಕೆಲಸ, ಪ್ಯಾಲೆಟ್‌ನ ಟ್ಯಾಗ್ ಓದುವುದು. ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ತೀರ್ಮಾನ ಇದೊಂದೇ ಅಂತ ಅನಿಸುತ್ತೆ. ಆದರೆ ಹಾಳೆ ಸುತ್ತಿದ ಮೇಲೆ ಪೆಟ್ಟಿಗೆ ತೆಗೆದರೆ ಆ ಪ್ಯಾಲೆಟ್ ಮತ್ತೆ ಮೆಷಿನ್ ಹತ್ತಲೇಬೇಕು. ಈ ನಿಯಮ ಕೂರಿಸುವುದಕ್ಕೆ ಜಗಳವೇ ಆಯಿತು.

ರೀಡರ್ ಕೊಡುವುದು ಓದಿದ ನಂಬರುಗಳ ರಾಶಿ, ಅದು ಮಾಹಿತಿ ಅಲ್ಲ. ಯಾವುದು, ಎಲ್ಲಿ, ಯಾವಾಗ, ಯಾಕೆ, ಈ ನಾಲ್ಕೂ ಸೇರಿದ ಒಂದು ಘಟನೆಯಾಗಿ ಕಟ್ಟಿದರೆ ಮಾತ್ರ ಆ ಕಡೆಯವರಿಗೆ ಅರ್ಥವಾಗುತ್ತೆ. ಇದಕ್ಕೆ ಇಪಿಸಿಐಎಸ್ ಅನ್ನುವ ಮಾನದಂಡ ಇದೆ, ನಾವೂ ಅದನ್ನೇ ಹಿಡಿದೆವು. ‘ಯಾವಾಗ’ ಅನ್ನುವುದು ಸುಲಭ ಅಂದುಕೊಂಡಿದ್ದೆ. ಒಂದು ರೀಡರಿನ ಗಡಿಯಾರ ಹಿಂದೆ ಬಿದ್ದು, ಪ್ಯಾಲೆಟ್ ಮೊದಲು ಲಾರಿ ಹತ್ತಿ ಆಮೇಲೆ ಹಾಳೆ ಸುತ್ತಿಸಿಕೊಂಡ ದಾಖಲೆ ಸಿಕ್ಕಿತು. ಈಗ ಎಲ್ಲ ರೀಡರೂ ಒಂದೇ ಸರ್ವರಿನಿಂದ ಸಮಯ ಹೊಂದಿಸಿಕೊಳ್ಳುತ್ತವೆ.

ಲೇಬಲ್ ಮೇಲೆ ಬಾರ್‌ಕೋಡ್ ಹಾಗೇ ಉಳಿಸಿದ್ದೇವೆ. ಚಿಪ್ ಕೆಟ್ಟಾಗ ಬೇಕೇ ಬೇಕು.

ಪೆಟ್ಟಿಗೆ ಕಡಿಮೆ ಅನ್ನುವ ಜಗಳ ಈಗ ಬಹಳ ಅಪರೂಪ. ಬಂದರೂ ಹಾಳೆ ಸುತ್ತಿದ ಹೊತ್ತು, ಬಾಗಿಲು ದಾಟಿದ ಹೊತ್ತು ಎರಡನ್ನೂ ತೋರಿಸುತ್ತೇವೆ. ಪೂರ್ತಿ ಹೋಗದ ತಲೆನೋವು ಖಾಲಿ ಪೆಟ್ಟಿಗೆಗಳದ್ದು. ಗಟ್ಟಿ ರಟ್ಟು ನೋಡಿ, ಯಾರಾದರೂ ಅದರಲ್ಲಿ ಚಿಂದಿ ಬಟ್ಟೆ ತುಂಬಿ ರೀಡರ್ ಪಕ್ಕ ಇಟ್ಟುಬಿಡುತ್ತಾರೆ, ಕಂಪ್ಯೂಟರಿನಲ್ಲಿ ಬೇರಿಂಗ್ ಸ್ಟಾಕ್ ಒಂದು ಏರುತ್ತೆ. ಟ್ಯಾಗನ್ನು ಶಾಶ್ವತವಾಗಿ ಸುಮ್ಮನಾಗಿಸುವ ಆಜ್ಞೆಯೊಂದು ಚಿಪ್ಪಿನಲ್ಲೇ ಇದೆ, ಅದಕ್ಕೆ ಬೇರೆಯೇ ಪಾಸ್‌ವರ್ಡ್. ನಾವು ಅದರ ಗೋಜಿಗೆ ಹೋಗಲಿಲ್ಲ. ಖಾಲಿ ಮಾಡುವ ಮೇಜಿನ ಮೇಲೆ ದಾರ ಕಟ್ಟಿದ ಬ್ಲೇಡ್ ಒಂದಿದೆ. ಲೇಬಲ್ ನಡುವಿನ ಕಪ್ಪು ಚುಕ್ಕೆಯೇ ಚಿಪ್, ಸೀಳಿದರೆ ಅಲ್ಲೇ ಸೀಳಬೇಕು. ಪಕ್ಕದಲ್ಲಿ ಸೀಳಿದರೆ ಟ್ಯಾಗ್ ಹತ್ತಿರ ಹೋದಾಗ ಮತ್ತೆ ಮಾತಾಡುತ್ತೆ.